ಡಿಸ್ಕು ಕೆಟ್ಟಿತೋ, ಡ್ರೈವು ಕೆಟ್ಟಿತೋ?

ನಿಮ್ಮ ಮನೆಯ ಬೀರುವಿನ ಮೇಲಿನ ಅರೆಯಲ್ಲಿ, ಮದುವೆಯ ಆಲ್ಬಮ್ಮುಗಳ ಪಕ್ಕದಲ್ಲೋ ರೇಷ್ಮೆ ಸೀರೆಗಳ ಮಡಿಕೆಯ ನಡುವೆಯೋ, ಹತ್ತಿಪ್ಪತ್ತು ಸಿ.ಡಿ.ಗಳು, ಡಿ.ವಿ.ಡಿ.ಗಳು ಇದ್ದೇ ಇರುತ್ತವೆ. ಒಂದರ ಮೇಲೆ ಮಗಳ ಮದುವೆಯ ತಾರೀಖು ಬರೆದಿರುತ್ತದೆ. ಇನ್ನೊಂದರ ಮೇಲೆ ‘ಉಪನಯನ, ಭಾಗ 2’ ಎಂದಿರುತ್ತದೆ. ಭಾಗ 1 ಎಲ್ಲಿ ಹೋಯಿತೋ ಯಾರಿಗೂ ತಿಳಿಯದು. ಮತ್ತೆ ಕೆಲವುದರ ಮೇಲೆ ಏನೂ ಬರೆದಿರುವುದಿಲ್ಲ. ಇವುಗಳನ್ನು ಕಡೆಯ ಸಲ ಹಾಕಿ ನೋಡಿದ್ದು ಯಾವಾಗ ಎಂದು ಕೇಳಿದರೆ ನೀವು ಸ್ವಲ್ಪ ಹೊತ್ತು ಯೋಚಿಸಬೇಕಾದೀತು. ನಾನೂ ಯೋಚಿಸಿರಲಿಲ್ಲ. ಯೋಚಿಸಲೇಬೇಕಾದ ಪ್ರಸಂಗ ಹೋದ ವರ್ಷ ಒದಗಿತು. ಕೆಟ್ಟುಹೋದ ಸಿ.ಡಿ. ಡ್ರೈವಿನ ಬದಲು ಹೊಸದೊಂದನ್ನು ಕೊಳ್ಳುವಾಗ ಏನೇನು ನೋಡಬೇಕು ಎಂಬುದನ್ನು, ಆಗ ನಾನು ಕಲಿತ ಮಟ್ಟಿಗೆ, ಈ ಹೊತ್ತು ನಿಮ್ಮ ಮುಂದೆ ಇಡಬೇಕೆಂದಿದ್ದೇನೆ.

ನನ್ನ ತಂಗಿಯ ಮಗಳಿಗೆ ಮದುವೆ ನಿಶ್ಚಯವಾಗಿತ್ತು. ತಂಗಿ ಫೋನು ಮಾಡಿ, “ಅಣ್ಣಾ, ಅಮ್ಮ ಹೇಳಿದ ಹಾಡಿನ ಸಿ.ಡಿ. ನಿನ್ನ ಹತ್ತಿರವೇ ಇದೆಯಲ್ಲ? ಹಸೆಗೆ ಕರೆಯುವಾಗ ಅದನ್ನೇ ಹಾಕೋಣ. ಮೊಮ್ಮಗಳ ಮದುವೆಗೆ ಅಜ್ಜಿ ಹಾಡಿದಂತೆ ಆಗುತ್ತದೆ” ಎಂದಳು. “ಇದೆ, ತರುತ್ತೇನೆ” ಎಂದೆ. 2004ರಲ್ಲಿ ನನ್ನ ಅಕ್ಕನ ಮಗ ಒಂದು ಮಧ್ಯಾಹ್ನ ಅಮ್ಮನನ್ನು ಹಜಾರದಲ್ಲಿ ಕೂಡಿಸಿ, ಮೈಕು ಹಿಡಿದು, ಒಂಬತ್ತು ಸಂಪ್ರದಾಯದ ಹಾಡುಗಳನ್ನು ಹೇಳಿಸಿ ತನ್ನ ಕಂಪ್ಯೂಟರಿನಲ್ಲಿ ಧ್ವನಿಮುದ್ರಿಸಿಕೊಂಡು, ಒಂದು ಸಿ.ಡಿ.ಗೆ ಇಳಿಸಿ ನನಗೆ ಕೊಟ್ಟಿದ್ದ. ಅಮ್ಮ 2009ರಲ್ಲಿ ತೀರಿಕೊಂಡರು. ಹುಡುಗನ ಆ ಕಂಪ್ಯೂಟರು ಅದಕ್ಕೂ ಮೊದಲೇ ಗುಜರಿಗೆ ಹೋಗಿತ್ತು. ಹಾಗಾಗಿ ಅಮ್ಮನ ಧ್ವನಿ ಎಂಬುದು ಉಳಿದಿದ್ದರೆ ಅದು ಆ ಒಂದು ತಟ್ಟೆಯಲ್ಲಿ ಮಾತ್ರ.

ತಟ್ಟೆಯನ್ನು ಹುಡುಕಿ ತೆಗೆದು, ಪಂಚೆಯ ತುದಿಯಿಂದ ಒರೆಸಿ, ನಮ್ಮ ಮನೆಯ ಕಂಪ್ಯೂಟರಿಗೆ ಹಾಕಿದೆ. ಒಳಗೆ ಗುರ್ ಎಂದಿತು, ಹಸಿರು ದೀಪ ಮಿಣುಕಿತು, ಮತ್ತೆ ಗುರ್ ಎಂದಿತು, ಸುಮ್ಮನಾಯಿತು. ಪರದೆಯ ಮೇಲೆ ‘ದಯವಿಟ್ಟು ಡಿಸ್ಕು ಹಾಕಿ’ ಎಂಬ ಸೂಚನೆ ಬಂತು! ಹಾಕಿದ ಮೇಲೆ ಹಾಕಿ ಎಂದರೆ ಏನು ಮಾಡುವುದು? ನನ್ನ ಮಗ ಬಂದು ನೋಡಿ, “ಅಪ್ಪಾ, ಇಪ್ಪತ್ತು ವರ್ಷದ ಸಿ.ಡಿ. ಇದು, ಹೋಗಿದೆ. ಆಸೆ ಬಿಡಿ” ಎಂದ. ಅವನು ಕೆಟ್ಟ ಮನಸ್ಸಿನಿಂದ ಹೇಳಿದ್ದಲ್ಲ. ಆದರೆ ಆ ಮಾತು ಕೇಳಿ ನಾನು ಆ ರಾತ್ರಿ ಸರಿಯಾಗಿ ಊಟ ಮಾಡಲಿಲ್ಲ ಎಂಬುದನ್ನು ಇಲ್ಲಿ ಮುಚ್ಚಿಡುವುದಿಲ್ಲ.

ಇಂಥ ಹೊತ್ತಿನಲ್ಲಿ ನಾವೆಲ್ಲರೂ ಮಾಡುವ ತಪ್ಪು ಒಂದೇ. ಓದಲಿಲ್ಲ ಎಂದರೆ ಪುಸ್ತಕ ಹಾಳಾಗಿದೆ ಎನ್ನುತ್ತೇವೆ. ಓದುವವನ ಕಣ್ಣು ಮಬ್ಬಾಗಿರಬಹುದೆಂದು ನೆನೆಯುವುದಿಲ್ಲ. ಈ ಕಣ್ಣಿನ ವಿಚಾರ ಸ್ವಲ್ಪ ಹೇಳಿದರೆ ಮುಂದಿನದು ಸುಲಭವಾಗುತ್ತದೆ.

ಗ್ರಾಮಫೋನ್ ಪ್ಲೇಟನ್ನು ಕಂಡವರು ನಿಮ್ಮಲ್ಲಿ ಇನ್ನೂ ಇದ್ದೀರಿ. ಅಲ್ಲಿ ಮುಳ್ಳು ಹೊರ ಅಂಚಿನಿಂದ ಒಳಕ್ಕೆ ಗೀರಿನಲ್ಲಿ ಹರಿಯುತ್ತಿತ್ತು. ಸಿ.ಡಿ.ಯಲ್ಲಿ ಮುಳ್ಳಿಲ್ಲ, ಲೇಸರ್ ಬೆಳಕಿನ ಒಂದು ಎಳೆ ಇದೆ. ಅದು ಒಳಗಿನಿಂದ ಹೊರಕ್ಕೆ ಓದುತ್ತ ಹೋಗುತ್ತದೆ. ಫಿಲಿಪ್ಸ್ ಮತ್ತು ಸೋನಿ ಸಂಸ್ಥೆಗಳು ಕೂಡಿ ರೂಪಿಸಿ 1982ರಲ್ಲಿ ಜಪಾನಿನಲ್ಲಿ ಮಾರಾಟಕ್ಕೆ ಬಂದ ಈ ತಟ್ಟೆ 12 ಸೆಂಟಿಮೀಟರ್ ಅಗಲ, 1.2 ಮಿಲಿಮೀಟರ್ ದಪ್ಪ. ಅದರೊಳಗೆ ಸುರುಳಿ ಸುತ್ತಿದ ಒಂದೇ ದಾರಿ. ಒಂದು ಸುತ್ತಿಗೂ ಪಕ್ಕದ ಸುತ್ತಿಗೂ ನಡುವೆ 1.6 ಮೈಕ್ರಾನ್ ಮಾತ್ರ ಅಂತರ. ನಿಮ್ಮ ಒಂದು ತಲೆಗೂದಲ ದಪ್ಪದಲ್ಲಿ ಇಂಥ ಹತ್ತಾರು ಸುತ್ತುಗಳು ಅಡಗುತ್ತವೆ. ಆ ಸುರುಳಿಯನ್ನು ಬಿಡಿಸಿ ನೆಲದ ಮೇಲೆ ಹಾಸಿದರೆ 5 ಕಿಲೋಮೀಟರಿಗೂ ಉದ್ದ. ಇಷ್ಟು ಸಣ್ಣ ದಾರಿಯ ಮೇಲೆ ಬೆಳಕನ್ನು ಬಿಟ್ಟು, ಹಿಂದಿರುಗಿದ ಬೆಳಕಿನ ಹೆಚ್ಚು ಕಡಿಮೆಯನ್ನು ಅಳೆದು ಹಾಡನ್ನೋ ಚಿತ್ರವನ್ನೋ ಕಟ್ಟಿಕೊಡುವುದು ಡ್ರೈವಿನ ಕೆಲಸ. ಇದಕ್ಕೆ ಕನ್ನಡದಲ್ಲಿ ಒಳ್ಳೆಯ ಹೆಸರು ಹುಡುಕಿ ಸೋತೆ. ಅಂಗಡಿಯಲ್ಲಿ ‘ಡ್ರೈವ್’ ಎಂದರೇ ಕೊಡುವುದು, ನಾನೂ ಹಾಗೆಯೇ ಕರೆಯುತ್ತೇನೆ.

ಈಗ ಮುಖ್ಯವಾದ ಮಾತು. ಅಂಗಡಿಯಿಂದ ಕೊಂಡ ಸಿನಿಮಾ ಹಾಡಿನ ಸಿ.ಡಿ.ಯಲ್ಲಿ ಅಕ್ಷರಗಳಿರುವುದು ಕಾರ್ಖಾನೆಯಲ್ಲಿ ಒತ್ತಿದ ಕುಳಿಗಳ ರೂಪದಲ್ಲಿ. ಮನೆಯಲ್ಲೋ ಸ್ಟುಡಿಯೋದಲ್ಲೋ ಬರೆದ ಸಿ.ಡಿ.ಯಲ್ಲಿ ಕುಳಿ ಇಲ್ಲ. ಬಣ್ಣದ ಒಂದು ತೆಳು ಪದರವಿದ್ದು, ಲೇಸರಿನಿಂದ ಅದನ್ನು ಅಲ್ಲಲ್ಲಿ ಸುಟ್ಟು ಬರೆದಿರುತ್ತಾರೆ. ಈ ಬಣ್ಣ ಬಿಸಿಲಿಗೆ, ಸೆಕೆಗೆ, ತೇವಕ್ಕೆ ಕಾಲಕ್ರಮದಲ್ಲಿ ಮಾಸುತ್ತದೆ. ಅಳಿಸಿ ಬರೆಯಬಹುದಾದ ಸಿ.ಡಿ.ಯಂತೂ ಕಾರ್ಖಾನೆಯದಕ್ಕಿಂತ ಬಹಳ ಕಡಿಮೆ ಬೆಳಕನ್ನು ಹಿಂದಿರುಗಿಸುತ್ತದೆ. ಡ್ರೈವಿನ ಕಣ್ಣು ಮಂದವಾಗುತ್ತ ಬಂದಾಗ ಅದು ಮೊದಲು ಓದಲಾರದೆ ಸೋಲುವುದು ಇಂಥವುಗಳ ಮುಂದೆ. ಎಂದರೆ ನಮಗೆ ಬೆಲೆಯುಳ್ಳವುಗಳ ಮುಂದೆ! ಸಿನಿಮಾ ಹಾಡು ಚೆನ್ನಾಗಿಯೇ ಬರುತ್ತಿರುತ್ತದೆ. ಅದರಿಂದ ಡ್ರೈವು ಸರಿಯಿದೆ, ತಟ್ಟೆಯೇ ಕೆಟ್ಟಿದೆ ಎಂದು ತೀರ್ಮಾನಿಸಿ ಎಷ್ಟೋ ಮನೆಗಳಲ್ಲಿ ತಟ್ಟೆಯನ್ನು ಎಸೆದುಬಿಟ್ಟಿದ್ದಾರೆ.

ಆದ್ದರಿಂದ ನೀವು ಮೊದಲು ಮಾಡಬೇಕಾದದ್ದು ಪರೀಕ್ಷೆ. ಕಾರ್ಖಾನೆಯಲ್ಲಿ ಒತ್ತಿದ ಸಿ.ಡಿ. ಒಂದು, ಮನೆಯಲ್ಲಿ ಬರೆದ ಬೇರೆ ಬೇರೆ ಸಿ.ಡಿ.ಗಳು ಎರಡು, ಡಿ.ವಿ.ಡಿ. ಒಂದು, ಇಷ್ಟನ್ನು ಒಂದಾದ ಮೇಲೊಂದು ಹಾಕಿ ನೋಡಿ. ಯಾವುದೂ ಬರದಿದ್ದರೆ ಡ್ರೈವೋ ಅದಕ್ಕೆ ಬರುವ ವೈರೋ ಕೆಟ್ಟಿದೆ. ಸಿ.ಡಿ. ಬಂದು ಡಿ.ವಿ.ಡಿ. ಬರದಿದ್ದರೆ, ಅಥವಾ ಇದಕ್ಕೆ ತಿರುಗಾಮುರುಗ ಆದರೆ, ಆಶ್ಚರ್ಯ ಬೇಡ: ಒಂದೇ ಡ್ರೈವಿನಲ್ಲಿ ಸಿ.ಡಿ.ಗೆ 780 ನ್ಯಾನೋಮೀಟರಿನ ಲೇಸರ್ ಬೇರೆ, ಡಿ.ವಿ.ಡಿ.ಗೆ 650ರದು ಬೇರೆ. ಒಂದು ಸೋತು ಇನ್ನೊಂದು ದುಡಿಯುತ್ತಿರುವುದುಂಟು. ಮನೆಯಲ್ಲಿ ಬರೆದವು ಒಂದೂ ಬಾರದೆ ಒತ್ತಿದ್ದು ಮಾತ್ರ ಬಂದರೆ ಸಂಶಯವನ್ನು ಡ್ರೈವಿನ ಮೇಲೆಯೇ ಇಡಿ. ನಮ್ಮ ಮನೆಯಲ್ಲಿ ಆದದ್ದು ಇದೇ. ಮಗನ ಪದವಿ ಪ್ರದಾನದ ಫೋಟೋಗಳ ಸಿ.ಡಿ. ಕೂಡ ಬರಲಿಲ್ಲವೆಂದು ಕಂಡಾಗ ನನಗೆ ಆದ ಸಂತೋಷವನ್ನು ನೋಡಿ ಅವನು ಬೆರಗಾದ.

ಬಾಗಿಲೇ ತೆರೆಯದಿದ್ದರೆ ಅದು ಬೇರೆ ರೋಗ. ಮೇಜಿನ ಕಂಪ್ಯೂಟರಿನ ಡ್ರೈವಿನೊಳಗೆ ಟ್ರೇಯನ್ನು ಹೊರತಳ್ಳುವ ಸಣ್ಣ ರಬ್ಬರು ಬೆಲ್ಟೊಂದಿರುತ್ತದೆ, ವರ್ಷಗಳಾದರೆ ಸಡಿಲವಾಗುತ್ತದೆ. ಕಂಪ್ಯೂಟರನ್ನು ಆರಿಸಿ, ಡ್ರೈವಿನ ಮುಖದಲ್ಲಿರುವ ಸೂಜಿಮೊನೆಯಷ್ಟು ತೂತಿಗೆ ನೆಟ್ಟಗೆ ಮಾಡಿದ ಪೇಪರ್ ಕ್ಲಿಪ್ಪನ್ನು ಮೆತ್ತಗೆ ಒತ್ತಿದರೆ ಟ್ರೇ ಒಂದಿಷ್ಟು ಹೊರಗೆ ಬರುತ್ತದೆ, ಕೈಯಿಂದ ಎಳೆದುಕೊಳ್ಳಬಹುದು. ಒಳಗೆ ಸಿಕ್ಕಿಕೊಂಡ ತಟ್ಟೆಯ ಸಮೇತ ಡ್ರೈವನ್ನು ಗುಜರಿಗೆ ಹಾಕಿದವರನ್ನು ನಾನು ಬಲ್ಲೆ.

ಸರಿ, ಡ್ರೈವೇ ಕೆಟ್ಟಿದೆ, ಹೊಸದು ಬೇಕು. ಯಾವುದನ್ನು ಕೊಳ್ಳುವುದು? ಮೊದಲು ನಿಮ್ಮ ಯಂತ್ರ ಯಾವುದೆಂದು ನೋಡಿಕೊಳ್ಳಿ. ನಾವೆಲ್ಲ ತಪ್ಪಾಗಿ ಸಿ.ಪಿ.ಯು. ಎಂದು ಕರೆಯುವ ಆ ಪೆಟ್ಟಿಗೆಯ ಪಕ್ಕದ ಮುಚ್ಚಳ ಬಿಚ್ಚಿ, ಹಳೆಯ ಡ್ರೈವಿನ ಹಿಂಭಾಗಕ್ಕೆ ಬಂದಿರುವ ವೈರನ್ನು ಗಮನಿಸಿ. ರಿಬ್ಬನ್ನಿನಂತೆ ಅಗಲವಾದ, 40 ಮುಳ್ಳುಗಳ ಪ್ಲಗ್ಗು ಇದ್ದರೆ ಅದು ಹಳೆಯ ಐ.ಡಿ.ಇ. ಜಾತಿ. ಬೆರಳಗಲದ ತೆಳು ವೈರಾಗಿದ್ದರೆ ಸಾಟಾ ಜಾತಿ. ಇದು 2003ರಿಂದ ಬಳಕೆಗೆ ಬಂದದ್ದು. ಒಂದರದು ಇನ್ನೊಂದಕ್ಕೆ ಕೂರುವುದಿಲ್ಲ. ಐ.ಡಿ.ಇ. ಡ್ರೈವು ಹೊಸದಾಗಿ ಸಿಗುವುದು ದುರ್ಲಭ. ಹಳೆಯ ಸಾಮಾನಿನ ಅಂಗಡಿಯಲ್ಲಿ ಸಿಕ್ಕರೂ ಅದರ ಕಣ್ಣು ಎಷ್ಟು ದುಡಿದಿದೆಯೋ ಬಲ್ಲವರಾರು? ಲ್ಯಾಪ್‌ಟಾಪಿನದಾದರೆ ದಪ್ಪವನ್ನು ಅಳೆಯಬೇಕು, 12.7 ಮಿಲಿಮೀಟರಿನದು ಒಂದು, 9.5ರದು ಇನ್ನೊಂದು. ಸ್ಕೇಲಿಟ್ಟು ಅಳೆಯದೆ ಕೊಂಡುತಂದು ಮತ್ತೆ ಅಂಗಡಿಗೆ ಹೊತ್ತವರುಂಟು.

ಸಾಟಾ ಇದ್ದು, ಪೆಟ್ಟಿಗೆಯಲ್ಲಿ ಐದೂಕಾಲು ಅಂಗುಲದ ಗೂಡು ಇದ್ದರೆ, ನನ್ನ ಸಲಹೆ ಸಂಕೋಚವಿಲ್ಲದೆ ಇದು: ಒಳಗೇ ಕೂರುವ ದೊಡ್ಡ ಡ್ರೈವನ್ನು ಕೊಳ್ಳಿ. ಹೊರಗಿನದಕ್ಕಿಂತ ಅದು ಗಟ್ಟಿಮುಟ್ಟು, ವಿದ್ಯುತ್ತಿನ ಕೊರತೆ ಅದಕ್ಕಿಲ್ಲ, ತಟ್ಟೆಯನ್ನು ಅಲುಗದಂತೆ ಹಿಡಿಯುತ್ತದೆ. ನಾಲ್ಕು ತಿರುಪು, ಎರಡು ವೈರು, ಅಷ್ಟೇ ಕೆಲಸ. ಪ್ಲಗ್ಗನ್ನು ಗೋಡೆಯಿಂದ ಕಿತ್ತ ಮೇಲೆ ಮಾತ್ರ ಕೈಹಾಕಬೇಕು.

ಆದರೆ ಈಗ ಬರುವ ಎಷ್ಟೋ ಪೆಟ್ಟಿಗೆಗಳಲ್ಲಿ ಆ ಗೂಡನ್ನೇ ತೆಗೆದುಹಾಕಿದ್ದಾರೆ. ಲ್ಯಾಪ್‌ಟಾಪುಗಳಲ್ಲಂತೂ ಬಹುಪಾಲಿಗೆ ಡ್ರೈವೇ ಇಲ್ಲ. ಅಂಥವರಿಗೆ ಯು.ಎಸ್.ಬಿ. ವೈರಿನಿಂದ ಹೊರಗಿನಿಂದ ಜೋಡಿಸುವ ತೆಳು ಡ್ರೈವೇ ಗತಿ. ಒಂದು ಅನುಕೂಲ ಅದಕ್ಕೂ ಉಂಟು: ಕಂಕುಳಲ್ಲಿ ಇಟ್ಟುಕೊಂಡು ನೆಂಟರ ಮನೆಗೂ ಒಯ್ಯಬಹುದು. ಅದರ ದೌರ್ಬಲ್ಯವೆಲ್ಲ ವಿದ್ಯುತ್ತಿನಲ್ಲಿ. ಯು.ಎಸ್.ಬಿ. 2.0 ಪೋರ್ಟು ಕೊಡಬೇಕಾದದ್ದು 500 ಮಿಲಿ ಆಂಪಿಯರ್, 3.0 ಪೋರ್ಟಾದರೆ 900. ತಟ್ಟೆ ತಿರುಗಲು ಹೊರಡುವ ಗಳಿಗೆಯಲ್ಲಿ ಮೋಟಾರು ಹೆಚ್ಚು ಎಳೆಯುತ್ತದೆ. ಸಾಲದಿದ್ದರೆ ಟಕ್ ಟಕ್ ಎಂದು ನಿಂತುಬಿಡುತ್ತದೆ. ಇದನ್ನೇ ಜನ ‘ಹೊಸ ಡ್ರೈವೂ ಕೆಟ್ಟದ್ದು’ ಎಂದುಕೊಳ್ಳುವುದು. ನಾಲ್ಕು ಕವಲಿನ ಹಬ್ಬಿಗೆ ಚುಚ್ಚದೆ ಕಂಪ್ಯೂಟರಿನ ಪೋರ್ಟಿಗೇ ನೇರವಾಗಿ ಚುಚ್ಚಿ. ಮೇಜಿನ ಕಂಪ್ಯೂಟರಾದರೆ ಹಿಂಬದಿಯ ಪೋರ್ಟು ಮುಂಬದಿಯದಕ್ಕಿಂತ ವಾಸಿ. ಕೆಲವು ಡ್ರೈವುಗಳೊಡನೆ ಎರಡು ಬಾಲದ ವೈರು ಕೊಡುತ್ತಾರೆ. ಎರಡನೆಯ ಬಾಲ ವಿದ್ಯುತ್ತಿಗಾಗಿಯೇ ಇರುವುದು, ಅದನ್ನು ಕತ್ತರಿಸಿ ಬಿಸಾಡಬೇಡಿ.

ಟ್ರೇ ಹೊರಬರುವ ಬಗೆಯದು ಬೇಕೋ, ಬಾಯಿಗೆ ತಟ್ಟೆಯನ್ನು ತುರುಕುವ ಬಗೆಯದು ಬೇಕೋ? ಎರಡನೆಯದು ನೋಡಲು ಬೆಡಗು. ಆದರೆ ಹ್ಯಾಂಡಿಕ್ಯಾಮಿನ 8 ಸೆಂಟಿಮೀಟರಿನ ಪುಟ್ಟ ಡಿ.ವಿ.ಡಿ.ಗಳು ಮನೆಯಲ್ಲಿದ್ದರೆ ಅದರ ತಂಟೆಗೆ ಹೋಗಬೇಡಿ. ನುಂಗಿದ್ದನ್ನು ಅದು ಉಗುಳದೆ ಹೋಗಬಹುದು. ಆ ಪುಟ್ಟ ತಟ್ಟೆಗಳ ಬಗ್ಗೆ ಇನ್ನೊಂದು ಮಾತು: ಚಿತ್ರೀಕರಣ ಮುಗಿದ ಮೇಲೆ ಕ್ಯಾಮೆರಾದಲ್ಲಿಯೇ ‘ಫೈನಲೈಸ್’ ಎಂಬ ಕೆಲಸ ಮಾಡದಿದ್ದರೆ ಬೇರೆ ಯಂತ್ರಕ್ಕೆ ಅದು ಖಾಲಿಯಾಗಿ ಕಾಣಿಸಬಹುದು. ಹಳೆಯ ಹ್ಯಾಂಡಿಕ್ಯಾಮು ಮೂಲೆಯಲ್ಲಿ ಬಿದ್ದಿದ್ದರೆ, ಡ್ರೈವು ಕೊಳ್ಳುವುದಕ್ಕೆ ಮೊದಲು ಅದರ ಚಾರ್ಜರನ್ನು ಹುಡುಕಿ.

ಬ್ಲೂ-ರೇ ಡ್ರೈವು ಬೇಕೆ ಎಂದು ಅಂಗಡಿಯವರು ಕೇಳುತ್ತಾರೆ. 2006ರಲ್ಲಿ ಮಾರುಕಟ್ಟೆಗೆ ಬಂದ ಈ ಬಗೆಯ ತಟ್ಟೆಯ ಒಂದು ಪದರದಲ್ಲಿ 25 ಗಿಗಾಬೈಟ್ ಹಿಡಿಯುತ್ತದೆ. ಒಂದು ಪದರದ ಡಿ.ವಿ.ಡಿ. ಹಿಡಿಯುವುದು 4.7, ಸಿ.ಡಿ. ಹಿಡಿಯುವುದು ಒಂದು ಗಿಗಾಬೈಟಿಗೂ ಕಡಿಮೆ. ನಿಜ, ದೊಡ್ಡದೇ. ಆದರೆ ಡ್ರೈವಿನ ಬೆಲೆ ಡಿ.ವಿ.ಡಿ. ಡ್ರೈವಿನ ಹಲವು ಪಟ್ಟು. ನಿಮ್ಮ ಬೀರುವಿನಲ್ಲಿ ಬ್ಲೂ-ರೇ ತಟ್ಟೆ ಒಂದಾದರೂ ಇದೆಯೇ? ನಮ್ಮ ಊರುಗಳ ಮದುವೆಗಳು ವಿ.ಎಚ್.ಎಸ್. ಟೇಪಿನಿಂದ ವಿ.ಸಿ.ಡಿ.ಗೆ, ವಿ.ಸಿ.ಡಿ.ಯಿಂದ ಡಿ.ವಿ.ಡಿ.ಗೆ, ಡಿ.ವಿ.ಡಿ.ಯಿಂದ ಪೆನ್‌ಡ್ರೈವಿಗೆ ಹಾರಿದವು. ನಡುವೆ ಬ್ಲೂ-ರೇ ಮೆಟ್ಟಿಲನ್ನು ತುಳಿದವರು ಬಲು ಕಡಿಮೆ. ಇಲ್ಲದ ತಟ್ಟೆಗೆ ಡ್ರೈವು ಕೊಳ್ಳಬೇಕಾಗಿಲ್ಲ. ಹೊಸದಾಗಿ ಬರೆದಿಡಲು ಕೊಳ್ಳುತ್ತೇನೆ ಎನ್ನುವವರು, ಸೋನಿ ಸಂಸ್ಥೆ ಬರೆಯುವ ಬ್ಲೂ-ರೇ ತಟ್ಟೆಗಳ ತಯಾರಿಕೆಯನ್ನು 2025ರ ಫೆಬ್ರವರಿಯಲ್ಲಿ ನಿಲ್ಲಿಸಿತೆಂಬುದನ್ನು ಗಮನಿಸಬೇಕು. ನಮ್ಮ ದೇಶದಲ್ಲಿ ಅಗ್ಗದ ತಟ್ಟೆಗಳನ್ನು ಮನೆಮನೆಗೆ ಮುಟ್ಟಿಸಿದ ಮೋಸರ್ ಬೇರ್ ಕಂಪನಿಯೂ ಮುಚ್ಚಿಹೋಗಿದೆ. ಈ ಡ್ರೈವನ್ನು ನಾವು ಕೊಳ್ಳುತ್ತಿರುವುದು ಬರೆಯುವುದಕ್ಕಲ್ಲ, ಓದುವುದಕ್ಕೆ. ಪೆಟ್ಟಿಗೆಯ ಮೇಲೆ 24 ಪಟ್ಟು ವೇಗ, 52 ಪಟ್ಟು ವೇಗ ಎಂದು ದಪ್ಪ ಅಕ್ಷರದಲ್ಲಿ ಹಾಕಿರುವುದಕ್ಕೆ ಮರುಳಾಗಬೇಡಿ. ಮಾಸಿದ ತಟ್ಟೆಯನ್ನು ಓದುವಾಗ ನಿಧಾನವೇ ಗುಣ.

ಬ್ರಾಂಡು ಯಾವುದು ಎನ್ನುತ್ತೀರಿ. ಇವುಗಳನ್ನು ನಿಜವಾಗಿ ತಯಾರಿಸಿದವರು ಕೆಲವರೇ. ಹಿಟಾಚಿ ಮತ್ತು ಎಲ್.ಜಿ. ಕೂಡಿ ಒಂದು ಕಂಪನಿ ಮಾಡಿಕೊಂಡರು. ತೋಷಿಬಾ ಮತ್ತು ಸ್ಯಾಮ್‌ಸಂಗ್ ಕೂಡಿ ಇನ್ನೊಂದು. ಹೊರಗಿನ ಹೆಸರು ಬೇರೆಯಾದರೂ ಒಳಗಿನ ಯಂತ್ರ ಒಂದೇ ಆಗಿರುವುದು ಸಾಮಾನ್ಯ. ಹೆಸರೇ ಇಲ್ಲದ ಅತಿ ಅಗ್ಗದ ಡ್ರೈವಿನ ವಿಷಯದಲ್ಲಿ ಮಾತ್ರ ಎಚ್ಚರ ಬೇಕು; ಹಳೆಯ ಲ್ಯಾಪ್‌ಟಾಪಿನಿಂದ ಕಿತ್ತ ಡ್ರೈವಿಗೆ ಹೊಸ ಅಂಗಿ ತೊಡಿಸಿದ್ದು ಅದಾಗಿರಬಹುದು.

ಅಂಗಡಿಯ ಪ್ರಸಂಗ ಹೇಳುತ್ತೇನೆ. ಮೈಸೂರಿನ ನಮ್ಮ ಬಡಾವಣೆಯಲ್ಲಿ ವಿಚಾರಿಸಿದರೆ ನಗುವೇ ಉತ್ತರವಾಯಿತು. ಬೆಂಗಳೂರಿಗೆ ಹೋಗುವ ಕೆಲಸವಿತ್ತು, ಎಸ್.ಪಿ. ರಸ್ತೆಗೆ ಹೋದೆ. ಕಂಪ್ಯೂಟರಿನ ಬಿಡಿಭಾಗ ಎಂದರೆ ಅಲ್ಲಿ ಸಿಗದ್ದಿಲ್ಲ. ಕೈಚೀಲದಲ್ಲಿ ಬೇರೆ ಬೇರೆ ಬಗೆಯ ನಾಲ್ಕು ತಟ್ಟೆಗಳನ್ನು ಇಟ್ಟುಕೊಂಡಿದ್ದೆ. ಅಮ್ಮನದನ್ನು ಮಾತ್ರ ಒಯ್ದಿರಲಿಲ್ಲ. ನೀವೂ ಹೀಗೆಯೇ ಮಾಡಿ. ಮೊದಲ ಅಂಗಡಿಯ ಹುಡುಗ, “ಈ ಕಾಲದಲ್ಲಿ ಇದೆಲ್ಲ ಯಾಕೆ ಸಾರ್? ಒಳ್ಳೇ ಪೆನ್‌ಡ್ರೈವ್ ಕೊಡ್ತೀನಿ, ತಗೊಳ್ಳಿ” ಎಂದ. “ಪೆನ್‌ಡ್ರೈವಿಗೆ ಹಾಕುವುದಕ್ಕೇ ಇದು ಬೇಕಪ್ಪಾ” ಎಂದೆ. ಅವನಿಗೆ ಅರ್ಥವಾಗಲಿಲ್ಲ. ಮೂರನೆಯ ಅಂಗಡಿಯಲ್ಲಿ ನನ್ನ ವಯಸ್ಸಿನವರೇ ಒಬ್ಬರು ಕೂತಿದ್ದರು. “ಏನು ಸಾರ್, ಮದುವೆ ಸಿ.ಡಿ.ನಾ?” ಎಂದರು. ವಿಷಯ ಹೇಳಿದೆ. ಅವರು ಮಾತಾಡದೆ ಎರಡು ಡ್ರೈವು ತೆಗೆದು ತಮ್ಮ ಲ್ಯಾಪ್‌ಟಾಪಿಗೆ ಜೋಡಿಸಿ, ನನ್ನ ನಾಲ್ಕು ತಟ್ಟೆಗಳನ್ನೂ ಎರಡರಲ್ಲೂ ಹಾಕಿ ನೋಡಿದರು. ಒಂದು ಡ್ರೈವು ಎರಡನ್ನು ಓದಿತು; ಇನ್ನೊಂದು ನಾಲ್ಕನ್ನೂ ಓದಿತು. ಎರಡೂ ಹೊಸವೇ, ಬೆಲೆಯಲ್ಲಿ ಹೆಚ್ಚು ಅಂತರವಿರಲಿಲ್ಲ. ಒಂದೊಂದು ಡ್ರೈವಿನ ಕಣ್ಣು ಒಂದೊಂದು ಬಗೆ. ಒಂದರಲ್ಲಿ ಬಾರದ್ದು ಇನ್ನೊಂದರಲ್ಲಿ ಬರುತ್ತದೆ ಎಂಬುದನ್ನು ಆ ಹೊತ್ತು ಕಣ್ಣಾರೆ ಕಂಡೆ. ನಾಲ್ಕನ್ನೂ ಓದಿದ್ದನ್ನು ಕೊಂಡೆ. ರಸೀತಿಯ ಮೇಲೆ, ಏಳು ದಿನದೊಳಗೆ ತಂದರೆ ಬದಲಾಯಿಸಿಕೊಡುವುದಾಗಿ ಬರೆಸಿಕೊಂಡೆ. ಆನ್‌ಲೈನಿನಲ್ಲಿ ತರಿಸುವವರು ಹಿಂದಿರುಗಿಸುವ ಗಡುವು ಎಷ್ಟು ದಿನವೆಂದು ನೋಡಿಕೊಂಡು, ಆ ದಿನಗಳೊಳಗೆ ನಿಮ್ಮ ಅತಿ ಕಷ್ಟದ ತಟ್ಟೆಗಳನ್ನೇ ಹಾಕಿ ಪರೀಕ್ಷಿಸತಕ್ಕದ್ದು.

ಮನೆಗೆ ಬಂದು ಅಮ್ಮನ ಸಿ.ಡಿ.ಯನ್ನು ಹಾಕಿದೆ. ಅರ್ಧ ನಿಮಿಷ ತಿಣುಕಿತು. ಪರದೆಯ ಮೇಲೆ ಒಂಬತ್ತು ಹೆಸರು ಸಾಲಾಗಿ ಮೂಡಿದವು. ಆ ಕ್ಷಣದ ಆತುರದಲ್ಲಿ ನಾನು ಮಾಡಿದ ಮೂರ್ಖತನವನ್ನು ಹೇಳದಿದ್ದರೆ ಈ ಭಾಷಣದ ಅರ್ಧ ಪ್ರಯೋಜನವೇ ಹೋಗುತ್ತದೆ. ಒಂಬತ್ತನ್ನೂ ಹಿಡಿದು ಕಂಪ್ಯೂಟರಿನ ಒಂದು ಫೋಲ್ಡರಿಗೆ ನಕಲು ಮಾಡಿದೆ. ಕಣ್ಣು ಮಿಟುಕಿಸುವಷ್ಟರಲ್ಲಿ ಮುಗಿಯಿತು. ಹೊಸ ಡ್ರೈವು ಎಷ್ಟು ಚುರುಕು ಎಂದು ಹಿಗ್ಗಿ, ತಟ್ಟೆಯನ್ನು ತೆಗೆದು ಬೀರುವಿಗೆ ಇಟ್ಟು, ತಂಗಿಗೆ ಫೋನು ಮಾಡಿ “ಆಯಿತು” ಎಂದುಬಿಟ್ಟೆ. ರಾತ್ರಿ ಕೇಳೋಣವೆಂದು ಒತ್ತಿದರೆ ಒಂದೂ ಹಾಡುವುದಿಲ್ಲ! ಹಾಡಿನ ಸಿ.ಡಿ.ಯಲ್ಲಿ ನಮಗೆ ಕಾಣಿಸುವ ‘ಸಿ.ಡಿ.ಎ.’ ಎಂಬ ಕಡತಗಳು ಹಾಡುಗಳಲ್ಲ. ಹಾಡು ಎಲ್ಲಿಂದ ಶುರುವಾಗುತ್ತದೆ ಎಂದು ತೋರಿಸುವ ಬರೀ 44 ಬೈಟಿನ ಚೀಟಿಗಳು. ಮನೆಯ ವಿಳಾಸವನ್ನು ನಕಲು ಮಾಡಿಕೊಂಡು ಮನೆಯನ್ನೇ ತಂದೆನೆಂದುಕೊಂಡ ಹಾಗಾಯಿತು. ನಿಜವಾದ ಹಾಡಾದರೆ ಒಂದು ನಿಮಿಷಕ್ಕೆ ಸುಮಾರು 10 ಮೆಗಾಬೈಟ್ ಇರಬೇಕು. ನಕಲು ಮಾಡಿದೆವೆಂದು ನೆಮ್ಮದಿಯಿಂದ ತಟ್ಟೆಯನ್ನು ಕಸಕ್ಕೆ ಹಾಕಿದವರು ಎಷ್ಟು ಜನರೋ! ನಾನು ಹಾಕದೆ ಉಳಿದದ್ದು ಬುದ್ಧಿವಂತಿಕೆಯಿಂದಲ್ಲ. ಅಮ್ಮನ ಹೆಸರಿದ್ದ ವಸ್ತುವನ್ನು ಬಿಸಾಡಲು ಕೈ ಬರಲಿಲ್ಲ, ಅಷ್ಟೆ.

ಹಾಡನ್ನು ತಟ್ಟೆಯಿಂದ ಸೆಳೆದು ತೆಗೆಯುವುದಕ್ಕೆ ಬೇರೆ ತಂತ್ರಾಂಶ ಬೇಕು. ಕಂಪ್ಯೂಟರಿನೊಡನೆ ಬರುವ ಮೀಡಿಯಾ ಪ್ಲೇಯರಿನಲ್ಲೇ ‘ರಿಪ್’ ಎಂಬ ಗುಂಡಿ ಇರಬಹುದು. ಗಾಯವಾದ ತಟ್ಟೆಗೆ ‘ಎಗ್ಸಾಕ್ಟ್ ಆಡಿಯೋ ಕಾಪಿ’ ಎಂಬುದು ಮೇಲು. ಅದು ಅನುಮಾನ ಬಂದ ಜಾಗವನ್ನು ಮತ್ತೆ ಮತ್ತೆ ಓದಿ ತಾಳೆ ನೋಡುತ್ತದೆ, ಮನೆಬಳಕೆಗೆ ಹಣ ಕೊಡಬೇಕಾಗಿಲ್ಲ. ಫೋಟೋಗಳ ಸಿ.ಡಿ.ಯಾದರೆ ಈ ತೊಡಕಿಲ್ಲ, ಸಾಮಾನ್ಯ ನಕಲೇ ಸಾಕು. ಮದುವೆಯ ಡಿ.ವಿ.ಡಿ.ಯಾದರೆ ‘ವಿಡಿಯೋ ಟಿ.ಎಸ್.’ ಎಂಬ ಫೋಲ್ಡರನ್ನು ಇಡಿಯಾಗಿ ಎತ್ತಿಕೊಳ್ಳಬೇಕು. ಡಿ.ವಿ.ಡಿ. ಹಾಕಿದರೆ ಚಿತ್ರ ಬರಲಿಲ್ಲವೆಂದು ಡ್ರೈವನ್ನು ಬಯ್ಯಬೇಡಿ. 2012ರಲ್ಲಿ ಬಂದ ವಿಂಡೋಸ್ 8ರಿಂದೀಚೆಗೆ ಡಿ.ವಿ.ಡಿ. ತೋರಿಸುವ ಏರ್ಪಾಡನ್ನು ಮೊದಲಿನ ಹಾಗೆ ಜೊತೆಯಲ್ಲಿ ಕೊಡುತ್ತಿಲ್ಲ. ವಿ.ಎಲ್.ಸಿ. ಎಂಬ ಉಚಿತ ತಂತ್ರಾಂಶ ಹಾಕಿಕೊಂಡರೆ ಆ ತೊಂದರೆ ನೀಗುತ್ತದೆ. ಅಮೆರಿಕದಲ್ಲಿರುವ ಮಗ ಅಲ್ಲಿಂದ ತಂದ ಸಿನಿಮಾ ಡಿ.ವಿ.ಡಿ. ಹಾಕಿದಾಗ ‘ವಲಯ ಬದಲಾಯಿಸಲೇ?’ ಎಂದು ಕಂಪ್ಯೂಟರು ಕೇಳಬಹುದು. ಭಾರತದ್ದು 5ನೆಯ ವಲಯ, ಅಮೆರಿಕದ್ದು 1. ಡ್ರೈವು ಒಟ್ಟು ಐದು ಸಲ ಮಾತ್ರ ಬದಲಾಯಿಸಲು ಬಿಡುತ್ತದೆ. ಆಮೇಲೆ ಅಲ್ಲಿಗೇ ಬೀಗ. ಮನೆಯಲ್ಲಿ ಬರೆದ ತಟ್ಟೆಗಳಿಗೆ ಈ ವಲಯದ ಗೋಜಿಲ್ಲ.

ಅಮ್ಮನ ಸಿ.ಡಿ.ಯಿಂದ ಎಂಟು ಹಾಡು ಅಚ್ಚುಕಟ್ಟಾಗಿ ಬಂದವು. ಒಂಬತ್ತನೆಯದು ಅರ್ಧಕ್ಕೆ ಬಂದು ನಿಂತಿತು. ತಟ್ಟೆಯನ್ನು ತಿರುಗಿಸಿ ಹೊಳೆಯುವ ಮುಖವನ್ನು ನೋಡಿದೆ. ಗೀರು ಗಾಯ ಏನೂ ಇಲ್ಲ. ಒಂದು ಹನಿ ಸೋಪಿನ ನೀರಿನಿಂದ ತೊಳೆದು, ಮೆತ್ತನೆಯ ಬಟ್ಟೆಯಿಂದ ನಡುವಿನಿಂದ ಅಂಚಿನ ಕಡೆಗೆ ನೇರವಾಗಿ ಒರೆಸಿದೆ. ನಾವೆಲ್ಲ ತಟ್ಟೆ ತೊಳೆಯುವ ಹಾಗೆ ಗುಂಡಗೆ ಉಜ್ಜುತ್ತೇವೆ, ಅದು ತಪ್ಪು. ಅಡ್ಡ ಗೀರನ್ನು ಯಂತ್ರ ತಿದ್ದಿಕೊಳ್ಳುತ್ತದೆ. ದಾರಿಯ ಉದ್ದಕ್ಕೆ ಸುಮಾರು ಎರಡೂವರೆ ಮಿಲಿಮೀಟರು ಅಳಿಸಿಹೋದರೂ ಉಳಿದದ್ದರಿಂದ ಲೆಕ್ಕ ಹಾಕಿ ತುಂಬಿಕೊಳ್ಳುವ ಗಣಿತ ಸಿ.ಡಿ.ಯಲ್ಲೇ ಅಡಕವಾಗಿದೆ. ಗುಂಡಗಿನ ಗೀರು ದಾರಿಯ ಉದ್ದಕ್ಕೇ ಹೋಗಿ ಅದರ ಶಕ್ತಿಯನ್ನು ಮೀರುತ್ತದೆ. ತೊಳೆದರೂ ಒಂಬತ್ತನೆಯ ಹಾಡು ಬರಲಿಲ್ಲ. ಅಕ್ಕನ ಮಗ ಬಂದವನು ತಟ್ಟೆಯನ್ನು ದೀಪಕ್ಕೆ ಹಿಡಿದು, “ಮಾವಾ, ಇಲ್ಲಿ ನೋಡಿ” ಎಂದ. ಬೆಳಕು ಸೂಜಿ ಚುಚ್ಚಿದಂತೆ ಎರಡು ಮೂರು ಕಡೆ ತೂರಿ ಬರುತ್ತಿತ್ತು. ಆ ಚುಕ್ಕೆಗಳು ಇದ್ದದ್ದು, ನಾನು ಬಾಲ್‌ಪೆನ್ನಿನಿಂದ ಒತ್ತಿ ‘ಅಮ್ಮ’ ಎಂದು ಬರೆದಿದ್ದ ಜಾಗದಲ್ಲಿ.

ಸಿ.ಡಿ.ಯಲ್ಲಿ ಬರಹವಿರುವ ಪದರ ನಾವು ಜೋಪಾನ ಮಾಡುವ ಹೊಳೆಯುವ ಮುಖದ ಕಡೆ ಇಲ್ಲ. ಹೆಸರು ಬರೆಯುವ ಮುಖದ ಕೆಳಗೇ, ಬಲು ತೆಳುವಾದ ಮೆರುಗಿನ ಅಡಿಯಲ್ಲಿ ಇದೆ. ಅಲ್ಲಿ ಪೆನ್ನೊತ್ತಿದರೆ ಎದೆಗೇ ಒತ್ತಿದಂತೆ. ಅಮೆರಿಕದ ರಾಷ್ಟ್ರೀಯ ಮಾನಕ ಸಂಸ್ಥೆ 2003ರಲ್ಲಿ ಹೊರತಂದ ಸಿ.ಡಿ. ರಕ್ಷಣೆಯ ಕೈಪಿಡಿಯಲ್ಲಿ ಇದನ್ನೆಲ್ಲ ಹೇಳಿದೆ: ಮೊನಚಾದ ಪೆನ್ನಿನಿಂದ ಬರೆಯಬೇಡಿ, ಕಾಗದದ ಲೇಬಲ್ಲು ಅಂಟಿಸಬೇಡಿ, ನಿಲ್ಲಿಸಿ ಇಡಿ, ತಂಪಾದ ಒಣ ಜಾಗದಲ್ಲಿಡಿ ಎಂದು. ನಾನು ಬರೆದದ್ದು 2004ರಲ್ಲಿ. ಒಂದು ವರ್ಷ ಮೊದಲೇ ಎಚ್ಚರಿಸಿದ್ದರು, ನನಗೆ ತಲುಪಿರಲಿಲ್ಲ. ನಿಮ್ಮ ತಟ್ಟೆಗಳ ಮೇಲೆ ವಧೂವರರ ಫೋಟೋ ಅಂಟಿಸಿದ್ದರೆ ಈಗ ಕೀಳಲು ಹೋಗಬೇಡಿ. ಪದರವೇ ಕಿತ್ತು ಬಂದೀತು. ಬಿರುಕು ಬಿಟ್ಟ ತಟ್ಟೆಯನ್ನು ಡ್ರೈವಿಗೆ ಹಾಕಲೇಬೇಡಿ. ವೇಗಕ್ಕೆ ಒಳಗೇ ಚೂರಾದರೆ ಡ್ರೈವೂ ಹೋಯಿತು.

ಎಂಟೂವರೆ ಹಾಡುಗಳನ್ನು ಮೂರು ಕಡೆ ಇಟ್ಟಿದ್ದೇನೆ: ಮನೆಯ ಕಂಪ್ಯೂಟರಿನಲ್ಲಿ, ತಂಗಿಯ ಹತ್ತಿರದ ಒಂದು ಹಾರ್ಡ್ ಡಿಸ್ಕಿನಲ್ಲಿ, ಅಕ್ಕನ ಮಗನ ಬಳಿ. ತಟ್ಟೆಯನ್ನೂ ಇಟ್ಟಿದ್ದೇನೆ, ಇನ್ನೂ ಒಳ್ಳೆಯ ಕಣ್ಣಿನ ಡ್ರೈವು ಎಂದಾದರೂ ಕೈಗೆ ಸಿಕ್ಕೀತು.

ಮದುವೆಯ ದಿನ ತಂಗಿ ಹಟ ಹಿಡಿದು ಒಂಬತ್ತನೆಯದನ್ನೇ ಹಾಕಿಸಿದಳು. ಹಸೆಗೆ ಕರೆಯುವ ಹಾಡು ಅದೇ ಆಗಿತ್ತು. ಅರ್ಧಕ್ಕೆ ನಿಂತಾಗ ಛತ್ರ ಒಂದು ಗಳಿಗೆ ನಿಶ್ಶಬ್ದವಾಯಿತು. ಮುಂದಿನ ಸಾಲಿನಲ್ಲಿ ಕುರ್ಚಿಯ ಮೇಲೆ ಕೂತಿದ್ದ ಚಿಕ್ಕಮ್ಮ, ಎಂಬತ್ತು ದಾಟಿದವರು, ನಿಂತ ಜಾಗದಿಂದಲೇ ಎತ್ತಿಕೊಂಡು ಕಡೆಯವರೆಗೂ ಹೇಳಿದರು. ಅಕ್ಕನ ಮಗ ಅದನ್ನು ತನ್ನ ಫೋನಿನಲ್ಲಿ ಹಿಡಿದುಕೊಂಡಿದ್ದಾನೆ.

ಡ್ರೈವು ಈಗ ನಮ್ಮ ಮನೆಯಲ್ಲಿಲ್ಲ. ಎದುರುಮನೆಯವರು ಎರವಲು ಒಯ್ದಿದ್ದಾರೆ. ಅವರಲ್ಲಿ ಮೂವತ್ತೆರಡು ತಟ್ಟೆಗಳಿವೆಯಂತೆ. ಅವರದು ಮುಗಿದ ಮೇಲೆ ಪಕ್ಕದ ಬೀದಿಯ ಮೇಷ್ಟರು ಕಾದಿದ್ದಾರೆ.